ಮನೆಯ ಕಾರ್ಯಾಗಾರಕ್ಕೆ ಮರದ ಲೇತ್: ಹಣ ಕೊಡುವ ಮುನ್ನ ಹಿಡಿಯಬೇಕಾದ ಕ್ರಮ

ಮರದ ಲೇತ್ ಎಂದರೆ ಮರದ ತುಂಡನ್ನು ತಿರುಗಿಸುವ ಯಂತ್ರ; ತಿರುಗುವ ಮರಕ್ಕೆ ಉಳಿ ಹಿಡಿದು ದುಂಡನೆಯ ವಸ್ತುಗಳನ್ನು ಕಡೆಯುತ್ತಾರೆ. ಅದನ್ನು ಹೊಸದಾಗಿ ಕೊಂಡವರ ದೂರುಗಳಿಗೆಲ್ಲ ಒಂದೇ ಧಾಟಿ. ಹಲಸಿನ ತುಂಡನ್ನು ಏರಿಸಿ ಸ್ವಿಚ್ ಒತ್ತಿದರೆ ಯಂತ್ರವೇ ನೆಲದ ಮೇಲೆ ಸರಿದುಕೊಂಡು ಹೋಗುತ್ತದೆ. ಬೇರೆಡೆಯಿಂದ ತರಿಸಿದ ಚಕ್ (ಮರವನ್ನು ಕಚ್ಚಿ ಹಿಡಿಯುವ ದವಡೆಗಳ ಸಾಧನ) ಸ್ಪಿಂಡಲ್‌ಗೆ (ಮರವನ್ನು ತಿರುಗಿಸುವ ದಂಡಕ್ಕೆ) ಕೂರುವುದಿಲ್ಲ. ಡ್ರಿಲ್ ಹಾಕಿದರೆ ತೂತು ಓರೆಯಾಗುತ್ತದೆ. ಇಂಥ ಬಹುಪಾಲು ದೂರುಗಳ ಬುಡದಲ್ಲಿರುವುದು ಯಂತ್ರದ ದೋಷವಲ್ಲ, ಅಂಗಡಿಯಲ್ಲಿ ಕೇಳಿದ ಪ್ರಶ್ನೆಗಳ ಕ್ರಮ. ‘ಎಷ್ಟು ಎಚ್.ಪಿ., ಎಷ್ಟು ಅಡಿ ಉದ್ದ, ಎಷ್ಟಕ್ಕೆ ಕೊಡುತ್ತೀರಿ’ ಎಂದು ಶುರುಮಾಡಿದರೆ ಮಾರುವವನ ಬಳಿ ಇರುವ ಯಂತ್ರವೇ ನಿಮಗೆ ತಕ್ಕ ಯಂತ್ರವಾಗಿಬಿಡುತ್ತದೆ. ಕೆಳಗಿನ ಹಂತಗಳನ್ನು ಇದೇ ಅನುಕ್ರಮದಲ್ಲಿ ದಾಟಿ. ಒಂದು ಹಂತಕ್ಕೆ ಉತ್ತರ ಸಿಗದೆ ಮುಂದಿನದಕ್ಕೆ ಹೋಗಬೇಡಿ.

ಹಂತ 1: ಏನನ್ನು ಕಡೆಯುತ್ತೀರಿ ಎಂಬುದನ್ನು ಬರೆದಿಡಿ

ಮರ ಕಡೆಯುವ ಕೆಲಸದಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಮರದ ನಾರು ಲೇತಿನ ಉದ್ದಕ್ಕೆ ಸಮಾನಾಂತರವಾಗಿರುತ್ತದೆ: ಲಟ್ಟಣಿಗೆ, ಕಡೆಗೋಲು, ಮಂಚದ ಕಾಲು, ಉಳಿಯ ಹಿಡಿ, ಬುಗುರಿ. ಎರಡನೆಯದರಲ್ಲಿ ನಾರು ಅಡ್ಡಕ್ಕಿರುತ್ತದೆ: ಬಟ್ಟಲು, ತಟ್ಟೆ, ಅಗಲ ಬಾಯಿಯ ಪಾತ್ರೆ. ಮೊದಲ ಬಗೆಗೆ ಉದ್ದ ಮತ್ತು ವೇಗ ಬೇಕು. ಎರಡನೆಯದಕ್ಕೆ ಅಗಲ, ತೂಕ ಮತ್ತು ನಿಧಾನ ಬೇಕು. ಇವೆರಡಕ್ಕೂ ಸಮನಾಗಿ ಒದಗುವ ಅಗ್ಗದ ಲೇತ್ ಇಲ್ಲ.

ಮೊದಲ ವರ್ಷದಲ್ಲಿ ಮಾಡಬೇಕೆಂದಿರುವ ಐದಾರು ವಸ್ತುಗಳನ್ನು ಅಳತೆಯ ಸಮೇತ ಬರೆಯಿರಿ. ‘ಬಟ್ಟಲು’ ಎಂದಷ್ಟೇ ಬರೆದರೆ ಉಪಯೋಗವಿಲ್ಲ. ‘10 ಇಂಚು ಅಗಲ, 4 ಇಂಚು ಆಳ’ ಎಂದಿರಲಿ. ಈ ಚೀಟಿಯೇ ಮುಂದಿನ ಎಲ್ಲ ಹಂತಗಳ ಅಳತೆಗೋಲು.

ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವುದನ್ನು ನೋಡಿ ಬಂದವರು ‘ಅಂಥದ್ದೇ ಲೇತ್ ಸಾಕು, ಎಷ್ಟು ಸರಳವಾಗಿದೆ’ ಎನ್ನುವುದುಂಟು. ಆ ಲೇತ್ ಆ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಆಲೆ ಮರದ ಸಣ್ಣ ತುಂಡನ್ನು ಒಂದು ತುದಿಯಲ್ಲಿ ಮಾತ್ರ ಹಿಡಿಸಿ, ಜೋರಾಗಿ ತಿರುಗಿಸಿ, ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಬಣ್ಣ ಕೂರುತ್ತದೆ. ಬುಗುರಿ, ಬಳೆ, ಚದುರಂಗದ ಕಾಯಿಗಳಷ್ಟೇ ನಿಮ್ಮ ಚೀಟಿಯಲ್ಲಿದ್ದರೆ ಅದೇ ದಾರಿ ಹಿಡಿಯಿರಿ. ಚೀಟಿಯಲ್ಲಿ ಒಂದೇ ಒಂದು ಬಟ್ಟಲಿದ್ದರೂ ಆ ಮಾದರಿಯನ್ನು ಮರೆತುಬಿಡಿ.

ಹಂತ 2: ಅಗಲವನ್ನು ಮೊದಲು ನಿರ್ಧರಿಸಿ, ಉದ್ದವನ್ನು ಆಮೇಲೆ

ಲೇತಿನ ಅಳತೆಯನ್ನು ಎರಡು ಸಂಖ್ಯೆಗಳಲ್ಲಿ ಹೇಳುತ್ತಾರೆ. ಒಂದು ಸ್ವಿಂಗ್, ಅಂದರೆ ಬೆಡ್‌ಗೆ (ಲೇತಿನ ಉದ್ದನೆಯ ತಳಕ್ಕೆ) ತಾಗದೆ ತಿರುಗಬಲ್ಲ ಅತಿ ದೊಡ್ಡ ವ್ಯಾಸ. ಇನ್ನೊಂದು ಎರಡು ಸೆಂಟರ್‌ಗಳ, ಅಂದರೆ ಮರವನ್ನು ಎರಡು ತುದಿಗಳಲ್ಲಿ ಹಿಡಿಯುವ ಮೊನೆಗಳ, ನಡುವಿನ ದೂರ. ಸ್ವಿಂಗ್ ಅನ್ನು ನೀವೇ ಅಳೆಯಿರಿ: ಸ್ಪಿಂಡಲ್‌ನ ನಡುಬಿಂದುವಿನಿಂದ ಬೆಡ್‌ನ ಮೇಲ್ಮೈವರೆಗಿನ ಎತ್ತರದ ಎರಡರಷ್ಟು. 6 ಇಂಚು ಬಂದರೆ ಅದು 12 ಇಂಚಿನ ಲೇತ್.

ಆದರೆ 12 ಇಂಚಿನ ಲೇತಿನಲ್ಲಿ 12 ಇಂಚಿನ ಬಟ್ಟಲು ಆರಾಮವಾಗಿ ಬರುವುದಿಲ್ಲ. ಉಳಿಯನ್ನು ಊರುವ ಟೂಲ್ ರೆಸ್ಟನ್ನು ಹೊರುವ ಬ್ಯಾಂಜೊ ಬೆಡ್‌ನ ಮೇಲೆ ಕೂರುವುದರಿಂದ, ಅದು ಮರದ ಅಡಿಗೆ ಸರಿಯಬೇಕಾದ ಜಾಗದಲ್ಲಿ ಎರಡು ಮೂರು ಇಂಚು ಕಳೆದುಹೋಗುತ್ತದೆ. ಮರದ ತುಂಡೂ ಹೊರಡುವಾಗ ಬಟ್ಟಲಿಗಿಂತ ಅರ್ಧ ಇಂಚಾದರೂ ದೊಡ್ಡದಿರಬೇಕು. ಹೀಗಾಗಿ 10 ಇಂಚಿನ ಬಟ್ಟಲು ನಿಮ್ಮ ಗುರಿಯಾಗಿದ್ದರೆ 12 ಇಂಚು ಕನಿಷ್ಠ. 14 ಇದ್ದರೆ ಉಸಿರಾಡಬಹುದು.

ಉದ್ದದ ವಿಷಯದಲ್ಲಿ ಜನ ಅನಗತ್ಯವಾಗಿ ಆಸೆಪಡುತ್ತಾರೆ. ನಾಲ್ಕು ಅಡಿಯ ಬೆಡ್ ಕೊಂಡು ಅದರ ಮುಕ್ಕಾಲು ಭಾಗದ ಮೇಲೆ ಡಬ್ಬಗಳನ್ನು ಇಟ್ಟುಕೊಂಡವರು ಬೇಕಾದಷ್ಟು ಮಂದಿ. ಲಟ್ಟಣಿಗೆಗೆ 16–18 ಇಂಚು ಸಾಕು. ಒಳಗೆ ಕೊರೆಯುವ ಕೆಲಸವಿದ್ದರೆ ಮಾತ್ರ ಎಚ್ಚರ: 10 ಇಂಚು ಎತ್ತರದ ಕಾಳುಮೆಣಸು ಪುಡಿಮಾಡುವ ಕೈಗಿರಣಿ ಮಾಡಲು ಚಕ್, ಮರ, ಡ್ರಿಲ್ ಬಿಟ್, ಡ್ರಿಲ್ ಚಕ್ ಎಲ್ಲವೂ ಒಂದೇ ಸಾಲಿನಲ್ಲಿ ಕೂರಬೇಕಾಗುವುದರಿಂದ 24 ಇಂಚು ಬೇಕಾಗುತ್ತದೆ. ಎಷ್ಟೋ ಲೇತ್‌ಗಳಿಗೆ ಬೆಡ್‌ನ ಉದ್ದವನ್ನು ಆಮೇಲೆ ಬೋಲ್ಟ್ ಹಾಕಿ ಹೆಚ್ಚಿಸಿಕೊಳ್ಳಬಹುದು. ಸ್ವಿಂಗ್ ಅನ್ನು ಹೀಗೆ ಸುಲಭವಾಗಿ ಹೆಚ್ಚಿಸಲಾಗದು. ಹಣ ಒಂದಕ್ಕೇ ಸಾಲುವಂತಿದ್ದರೆ ಅಗಲಕ್ಕೆ ಹಾಕಿ.

ಹಂತ 3: ಅತಿ ಕಡಿಮೆ ವೇಗ ಎಷ್ಟೆಂದು ಕೇಳಿ

ಮಾರುವವರು ಹೆಮ್ಮೆಯಿಂದ ಹೇಳುವುದು ಗರಿಷ್ಠ ವೇಗ. ನೀವು ಕೇಳಬೇಕಾದದ್ದು ಕನಿಷ್ಠ ವೇಗ. ಬಟ್ಟಲಿಗೆಂದು ಕೊಯ್ದ ಒರಟು ತುಂಡಿನ ತೂಕ ಎಲ್ಲ ಕಡೆ ಸಮನಾಗಿರುವುದಿಲ್ಲ. ತೊಗಟೆ ಇರುವ ಬದಿ ಹಗುರ, ಗಂಟಿರುವ ಬದಿ ಭಾರ. ಅದು ದುಂಡಾಗುವವರೆಗೆ ನಿಧಾನವಾಗಿ ತಿರುಗಲೇಬೇಕು.

ಲೆಕ್ಕ ಸುಲಭ. ಇಂಚಿನಲ್ಲಿ ವ್ಯಾಸ ಮತ್ತು ಆರ್.ಪಿ.ಎಂ. (ನಿಮಿಷಕ್ಕೆ ತಿರುಗುವ ಸುತ್ತು) ಇವೆರಡರ ಗುಣಲಬ್ಧ 6000ದಿಂದ 9000ದ ಒಳಗಿರಬೇಕು ಎಂಬುದು ಕಸಬುದಾರರು ಬಳಸುವ ಸೂತ್ರ. 12 ಇಂಚಿನ ತುಂಡಿಗೆ 500–750 ಬರುತ್ತದೆ. ಇದು ದುಂಡಾಗಿ ಸಮತೂಕಕ್ಕೆ ಬಂದ ಮರದ ಮಾತು. ಒರಟು ತುಂಡನ್ನು 300ರ ಆಸುಪಾಸಿನಲ್ಲಿ ಶುರುಮಾಡಬೇಕು.

ಈಗ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಮೂರು ಮೆಟ್ಟಿಲಿನ ಪುಲ್ಲಿಯ ಲೇತನ್ನು ನೋಡೋಣ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಾಲ್ಕು ಪೋಲ್‌ನ ಮೋಟಾರು ಸುಮಾರು 1440 ಸುತ್ತು ತಿರುಗುತ್ತದೆ. ಮೋಟಾರಿನ ಪುಲ್ಲಿ 2 ಇಂಚು, ಸ್ಪಿಂಡಲ್‌ನದು 6 ಇಂಚು ಎಂದಾದರೆ ಸ್ಪಿಂಡಲ್‌ಗೆ ಸಿಗುವುದು 480. ಎರಡೂ ಪುಲ್ಲಿ ಸಮನಾಗಿರುವ ನಡುವಿನ ಮೆಟ್ಟಿಲಲ್ಲಿ 1440. ಅಳತೆ ಅದಲುಬದಲಾಗುವ ಕೊನೆಯದರಲ್ಲಿ 4320. 300 ಮಿ.ಮೀ. ವ್ಯಾಸದ ಮರದ ಅಂಚು 480ರಲ್ಲಿ ಗಂಟೆಗೆ 27 ಕಿ.ಮೀ. ವೇಗದಲ್ಲಿ ಓಡುತ್ತಿದ್ದರೆ, 1440ರಲ್ಲಿ ಅದೇ ಅಂಚು 81 ಕಿ.ಮೀ. ಮುಟ್ಟುತ್ತದೆ. ಕೊನೆಯ ಮೆಟ್ಟಿಲಿನಲ್ಲಿ ಬೆಲ್ಟ್ ಇರುವುದನ್ನು ಮರೆತು ಸ್ವಿಚ್ ಒತ್ತಿದರೆ 244 ಕಿ.ಮೀ. ಆ ವೇಗದಲ್ಲಿ ಸೀಳಿದ ಹಲಸಿನ ತುಂಡು ಎಲ್ಲಿ ಹೋಗುತ್ತದೆ ಎಂದು ಯಾರೂ ಹೇಳಲಾರರು.

ಎಚ್ಚರಿಕೆಯ ಗುರುತು: 12 ಇಂಚು ಅಥವಾ ಅದಕ್ಕಿಂತ ದೊಡ್ಡ ಸ್ವಿಂಗ್ ಎಂದು ಹೇಳಿ, ಕನಿಷ್ಠ ವೇಗ 500ಕ್ಕಿಂತ ಹೆಚ್ಚಿದ್ದರೆ ಆ ಸ್ವಿಂಗ್ ಹೆಸರಿಗೆ ಮಾತ್ರ. ಬಟ್ಟಲು ನಿಮ್ಮ ಚೀಟಿಯಲ್ಲಿದ್ದರೆ ಅಲ್ಲಿಂದ ಹೊರಡಿ.

ಹಂತ 4: ಮೋಟಾರು ಮತ್ತು ವೇಗ ನಿಯಂತ್ರಣ

ಎಚ್.ಪಿ.ಯ ಮಾತಿಗೆ ಈಗ ಬರಬಹುದು. 10 ಇಂಚಿನ ಲೇತ್‌ಗೆ ಅರ್ಧದಿಂದ ಮುಕ್ಕಾಲು, 12–14 ಇಂಚಿಗೆ 1, 16 ಇಂಚು ಮತ್ತು ಮೇಲಿನದಕ್ಕೆ 1.5ರಿಂದ 2 ಎಚ್.ಪಿ. ಸಾಕು. ಅದಕ್ಕಿಂತ ಹೆಚ್ಚಿನ ಶಕ್ತಿ ಉಳಿ ಸಿಕ್ಕಿಕೊಂಡಾಗ ಮರವನ್ನು ನಿಲ್ಲಿಸದೆ ನಿಮ್ಮ ಕೈಯನ್ನು ಎಳೆಯುತ್ತದೆ. ಕಲಿಯುವವರಿಗೆ ಅದು ಅನುಕೂಲವಲ್ಲ.

ವೇಗ ಬದಲಿಸಲು ಮೂರು ದಾರಿಗಳಿವೆ. ಬೆಲ್ಟ್ ಮತ್ತು ಪುಲ್ಲಿ ಮಾತ್ರ ಇರುವ ಲೇತ್ ಗಟ್ಟಿ, ರಿಪೇರಿ ಯಾವ ಊರಿನಲ್ಲಾದರೂ ಆಗುತ್ತದೆ. ಆದರೆ ನಡುವಿನ ವೇಗಗಳು ಸಿಗುವುದಿಲ್ಲ. ಡಿ.ಸಿ. ಮೋಟಾರು ಮತ್ತು ಅದರ ಕಂಟ್ರೋಲರ್ ಸಣ್ಣ ಲೇತ್‌ಗಳಲ್ಲಿರುತ್ತದೆ. ಬ್ರಷ್ ಸವೆಯುತ್ತದೆ, ಬೋರ್ಡ್ ಹೋದರೆ ಅದೇ ಬೋರ್ಡ್ ಬೇಕು. ಮೂರನೆಯದು ಮೂರು ಫೇಸ್ ಮೋಟಾರಿಗೆ ವಿ.ಎಫ್.ಡಿ. (ವಿದ್ಯುತ್ತಿನ ಫ್ರೀಕ್ವೆನ್ಸಿ ಬದಲಿಸಿ ಮೋಟಾರಿನ ವೇಗ ಹೊಂದಿಸುವ ಪೆಟ್ಟಿಗೆ) ಜೋಡಿಸುವುದು. ಮನೆಯ ಸಿಂಗಲ್ ಫೇಸ್‌ನಿಂದಲೇ ಇದು ಕೆಲಸ ಮಾಡುತ್ತದೆ. ನನ್ನ ಆಯ್ಕೆ ಇದೇ, ಆದರೆ ಎರಡು ಷರತ್ತುಗಳಿವೆ.

ಮೊದಲನೆಯದು ಮೋಟಾರಿನ ನೇಮ್‌ಪ್ಲೇಟ್. ಸಿಂಗಲ್ ಫೇಸ್ ತೆಗೆದುಕೊಳ್ಳುವ ಸಾಮಾನ್ಯ ವಿ.ಎಫ್.ಡಿ. ಹೊರಗೆ ಕೊಡುವುದು 230 ವೋಲ್ಟಿನ ಮೂರು ಫೇಸ್. ನಮ್ಮಲ್ಲಿ ಮಾರಾಟವಾಗುವ ಸಣ್ಣ ಮೂರು ಫೇಸ್ ಮೋಟಾರುಗಳಲ್ಲಿ ಹೆಚ್ಚಿನವು 415 ವೋಲ್ಟಿಗೆ, ಸ್ಟಾರ್ ಎಂಬ ತಂತಿ ಜೋಡಣೆಯಲ್ಲಿರುತ್ತವೆ. ಹಾಗೆಯೇ ಜೋಡಿಸಿದರೆ ಮೋಟಾರು ತಿರುಗುತ್ತದೆ, ಉಳಿ ತಾಗಿಸಿದೊಡನೆ ಸೋಲುತ್ತದೆ. ಟರ್ಮಿನಲ್ ಡಬ್ಬಿಯ ಮುಚ್ಚಳ ತೆಗೆಸಿ ನೋಡಿ: ಆರು ಟರ್ಮಿನಲ್ ಇದ್ದು, ಪ್ಲೇಟಿನ ಮೇಲೆ 230/400 ಅಥವಾ 240/415 ಎಂದಿದ್ದರೆ ಹಿತ್ತಾಳೆಯ ಪಟ್ಟಿಗಳನ್ನು ಬದಲಿಸಿ 230 ವೋಲ್ಟಿಗೆ ಹೊಂದುವ ಡೆಲ್ಟಾ ಜೋಡಣೆ ಮಾಡಬಹುದು. ಮೂರೇ ತಂತಿಗಳು ಹೊರಬಂದಿದ್ದು 415 ಎಂದು ಮಾತ್ರ ಬರೆದಿದ್ದರೆ ಆ ಮೋಟಾರು ಬೇಡ.

ಎರಡನೆಯದು, ವಿ.ಎಫ್.ಡಿ. ಇದ್ದರೂ ಎರಡು ಮೂರು ಮೆಟ್ಟಿಲಿನ ಪುಲ್ಲಿ ಇರಲೇಬೇಕು. ಫ್ರೀಕ್ವೆನ್ಸಿಯನ್ನು ಅರ್ಧಕ್ಕಿಳಿಸಿದರೆ ಮೋಟಾರಿನಿಂದ ಸಿಗುವ ಶಕ್ತಿಯೂ ಸುಮಾರು ಅರ್ಧಕ್ಕಿಳಿಯುತ್ತದೆ. ಅದರ ಬೆನ್ನಿನ ಫ್ಯಾನ್ ನಿಧಾನವಾಗುವುದರಿಂದ ಬಿಸಿ ಏರುತ್ತದೆ. ದೊಡ್ಡ ಬಟ್ಟಲಿಗೆ ಮೊದಲು ಬೆಲ್ಟನ್ನು ನಿಧಾನದ ಮೆಟ್ಟಿಲಿಗೆ ಹಾಕಿ, ಆಮೇಲೆ ಗುಬುಟು ತಿರುಗಿಸಿ. ವಿ.ಎಫ್.ಡಿ.ಗೂ ಮೋಟಾರಿಗೂ ನಡುವೆ ಸ್ವಿಚ್ ಹಾಕಿಸಬೇಡಿ; ನಿಲ್ಲಿಸುವ ಕೆಲಸ ವಿ.ಎಫ್.ಡಿ.ಯ ಕಂಟ್ರೋಲ್ ತಂತಿಗಳ ಮೂಲಕವೇ ಆಗಬೇಕು. ನಿಲ್ಲುವ ಅವಧಿಯನ್ನು ಕೆಲವು ಸೆಕೆಂಡುಗಳಿಗೆ ಹೊಂದಿಸಿ. ತಟ್ಟನೆ ನಿಂತರೆ ಭಾರವಾದ ಚಕ್ ತನ್ನ ಜಡತ್ವದಿಂದಲೇ ಥ್ರೆಡ್‌ನಿಂದ ಬಿಚ್ಚಿಕೊಂಡು ಬರುತ್ತದೆ.

ಹಳ್ಳಿಯಲ್ಲಿರುವವರಿಗೆ ಒಂದು ಮಾತು. ಪಂಪ್‌ಸೆಟ್‌ಗಳು ಓಡುವ ಹೊತ್ತಿನಲ್ಲಿ ನಿಮ್ಮ ಮನೆಯ ವೋಲ್ಟೇಜ್ ಎಷ್ಟಿರುತ್ತದೆ ಎಂದು ಮೀಟರ್ ಹಿಡಿದು ನೋಡಿ. 190ರ ಕೆಳಗೆ ಇಳಿಯುತ್ತಿದ್ದರೆ ಸಿಂಗಲ್ ಫೇಸ್ ಮೋಟಾರು ಎಳೆಯಲಾರದೆ ಬಿಸಿಯಾಗುತ್ತದೆ, ವಿ.ಎಫ್.ಡಿ. ಟ್ರಿಪ್ ಆಗಬಹುದು. ಅಮೆರಿಕದಿಂದ ಮರಳುವಾಗ ಲೇತನ್ನೂ ಸಾಮಾನಿನ ಜೊತೆ ಕಳುಹಿಸುವ ಯೋಚನೆಯಿರುವವರು ಮೋಟಾರು ಅಲ್ಲಿನ 110–120 ವೋಲ್ಟ್, 60 ಹರ್ಟ್ಸ್‌ಗೆ ಮಾತ್ರ ಮಾಡಿದ್ದೇ ಎಂದು ಮೊದಲು ಪರೀಕ್ಷಿಸಿ. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಸರಿಪಡಿಸುತ್ತದೆ, ಹರ್ಟ್ಸ್ ಅನ್ನು ಅಲ್ಲ.

ಹಂತ 5: ಸ್ಪಿಂಡಲ್‌ನ ಥ್ರೆಡ್ ಮತ್ತು ಟೇಪರ್

ಲೇತ್ ಕೊಂಡು ಪಶ್ಚಾತ್ತಾಪಪಡುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ಚಕ್, ಫೇಸ್‌ಪ್ಲೇಟ್ (ಮರವನ್ನು ಸ್ಕ್ರೂ ಹಾಕಿ ಕೂರಿಸುವ ತಟ್ಟೆ) ಎಲ್ಲವೂ ಸ್ಪಿಂಡಲ್‌ನ ಹೊರಗಿನ ಥ್ರೆಡ್‌ಗೆ ಕೂರುತ್ತವೆ. ಮಾರುಕಟ್ಟೆಯ ಚಕ್‌ಗಳು ಹೆಚ್ಚಾಗಿ ಹೊಂದುವುದು 1 ಇಂಚು 8 ಟಿ.ಪಿ.ಐ. (1 ಇಂಚು ವ್ಯಾಸ, ಇಂಚಿಗೆ 8 ಸುತ್ತು) ಮತ್ತು ಎಂ33×3.5 (33 ಮಿ.ಮೀ. ವ್ಯಾಸ, ಸುತ್ತುಗಳ ನಡುವೆ 3.5 ಮಿ.ಮೀ.) ಎಂಬ ಎರಡು ಥ್ರೆಡ್‌ಗಳಿಗೆ. ರಾಜಕೋಟ್, ಲೂಧಿಯಾನ, ಬಟಾಲಾ ಕಡೆಯ ಯಂತ್ರವಾಗಲಿ, ನಿಮ್ಮೂರಿನ ವರ್ಕ್‌ಶಾಪಿನಲ್ಲಿ ಮಾಡಿಸಿದ್ದಾಗಲಿ, ‘ನಮ್ಮದೇ ಥ್ರೆಡ್’ ಎಂದರೆ ಜೀವನಪೂರ್ತಿ ಆ ಒಂದೇ ಕಡೆಯಿಂದ ಎಲ್ಲವನ್ನೂ ಮಾಡಿಸಿಕೊಳ್ಳಬೇಕು ಎಂದರ್ಥ. ಥ್ರೆಡ್‌ನ ಅಳತೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಸ್ಪಿಂಡಲ್‌ನ ಒಳಗೆ ಮತ್ತು ಟೇಲ್‌ಸ್ಟಾಕ್‌ನ (ಮರದ ಇನ್ನೊಂದು ತುದಿಗೆ ಆಸರೆ ಕೊಡುವ, ಬೆಡ್ ಮೇಲೆ ಸರಿಯುವ ಭಾಗದ) ಒಳಗೆ ಮೋರ್ಸ್ ಟೇಪರ್ ಸಂಖ್ಯೆ 2 ಇರಲಿ; ಇದು ಸೆಂಟರ್ ಕಚ್ಚಿ ಕೂರುವ, ಒಳಕ್ಕೆ ಕಿರಿದಾಗುವ ತೂತಿನ ಅಳತೆ. ಸಂಖ್ಯೆ 1 ತೀರಾ ಸಣ್ಣ ಲೇತ್‌ಗೆ ಮಾತ್ರ. ಎರಡೂ ಕಡೆ ಈ ತುದಿಯಿಂದ ಆ ತುದಿಗೆ ಹಾಯುವ ರಂಧ್ರವಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ರಂಧ್ರವಿದ್ದರೆ ಹಿಂದಿನಿಂದ ಸರಳು ತೂರಿಸಿ ಒಳಗೆ ಕಚ್ಚಿಕೊಂಡ ಸೆಂಟರನ್ನು ಒಂದೇ ಏಟಿಗೆ ಬಿಡಿಸಬಹುದು. ಸ್ಪಿಂಡಲ್‌ನಲ್ಲಿ ಅದು ಇಲ್ಲದಿದ್ದರೆ ಇಕ್ಕಳ ಹಿಡಿದು ಒದ್ದಾಡಬೇಕು.

‘ಚಕ್ ಉಚಿತ’ ಎಂದರೆ ಅದು ಕಬ್ಬಿಣ ಕಡೆಯುವ ಲೇತಿನ ಚಕ್ ಆಗಿರುವ ಸಾಧ್ಯತೆ ಹೆಚ್ಚು. ಅದರ ದವಡೆಗಳು ಮರವನ್ನು ಜಜ್ಜುತ್ತವೆ, ಮೂಲೆಗಳು ಹೊರಚಾಚಿ ಬೆರಳಿಗೆ ಬಡಿಯುತ್ತವೆ. ಮರಕ್ಕೆ ಬೇಕಾದದ್ದು ನಾಲ್ಕೂ ದವಡೆ ಒಟ್ಟಿಗೆ ಚಲಿಸುವ, ದವಡೆಯ ಒಳಅಂಚು ಓರೆಯಾಗಿರುವ ಸ್ಕ್ರಾಲ್ ಚಕ್.

ಹಂತ 6: ಬಜೆಟ್ಟನ್ನು ಎರಡಾಗಿ ಒಡೆಯಿರಿ

ಕೈಯಲ್ಲಿರುವ ಹಣದ ಅರ್ಧಕ್ಕಿಂತ ಹೆಚ್ಚನ್ನು ಲೇತ್‌ಗೆ ಹಾಕಬೇಡಿ. ಉಳಿದರ್ಧದಲ್ಲಿ ಮೊದಲು ಇಡೀ ಮುಖ ಮುಚ್ಚುವ ಶೀಲ್ಡ್ ಮತ್ತು ಧೂಳಿನ ಮಾಸ್ಕ್, ನಂತರ ಗ್ರೈಂಡರ್, ನಂತರ ಉಳಿಗಳು, ಕೊನೆಗೆ ಚಕ್. ಗ್ರೈಂಡರ್ ಉಳಿಗಿಂತ ಮುಂಚೆ ಬಂದಿರುವುದು ಕಣ್ತಪ್ಪಲ್ಲ. ಕಡೆಯುವಾಗ ಉಳಿಯ ಅಲಗು ಕೆಲವೇ ನಿಮಿಷಗಳಲ್ಲಿ ಮೊಂಡಾಗುತ್ತದೆ, ತೇಗದಂಥ ಮರದಲ್ಲಿ ಇನ್ನೂ ಬೇಗ. ಸಾಣೆ ಹಿಡಿಯಲು ಬಾರದವರಿಗೆ ಎಂಥ ಲೇತೂ ಕೆಟ್ಟದಾಗಿಯೇ ಕಾಣುತ್ತದೆ. 1440 ಸುತ್ತಿನ 8 ಇಂಚಿನ ಗ್ರೈಂಡರ್‌ಗೆ ಬಿಳಿಯ ಅಲ್ಯುಮಿನಿಯಂ ಆಕ್ಸೈಡ್ ಚಕ್ರ ಒಳ್ಳೆಯದು.

ಉಳಿಗಳು ಹೈಸ್ಪೀಡ್ ಸ್ಟೀಲಿನವಾಗಿರಲಿ: ಚೌಕ ಮರವನ್ನು ದುಂಡಾಗಿಸುವ ಒರಟು ಗೌಜ್ (ಗೌಜ್ ಎಂದರೆ ತೋಡಿನಂತೆ ಬಾಗಿದ ಅಲಗಿನ ಉಳಿ), 3/8 ಇಂಚಿನ ಸ್ಪಿಂಡಲ್ ಗೌಜ್, ತುಂಡರಿಸುವ ಪಾರ್ಟಿಂಗ್ ಉಳಿ, ಓರೆ ಉಳಿ, ಬಟ್ಟಲಿಗೆ ಬೌಲ್ ಗೌಜ್. ಒರಟು ಗೌಜನ್ನು ಬಟ್ಟಲಿಗೆ ಎಂದೂ ತಾಗಿಸಬೇಡಿ. ಹಿಡಿಯೊಳಗೆ ಹೋಗುವ ಅದರ ಬಾಲ ತೆಳ್ಳಗಿರುತ್ತದೆ. ಅಡ್ಡ ನಾರಿಗೆ ಸಿಕ್ಕಿಕೊಂಡರೆ ಅಲ್ಲೇ ಮುರಿದು ಅಲಗು ಹಾರುತ್ತದೆ.

ಹಣ ಉಳಿಸಲು ಕೈ ಡ್ರಿಲ್ಲಿಗೆ ಸಿಕ್ಕಿಸುವ ಲೇತ್ ಕಿಟ್ ಕೊಳ್ಳುವುದು ದಂಡ. ಡ್ರಿಲ್ಲಿನ ಬೇರಿಂಗ್‌ಗಳು ಪಕ್ಕದ ಒತ್ತಡ ತಡೆಯಲು ಮಾಡಿದವಲ್ಲ.

ಹಂತ 7: ಯಂತ್ರದ ಮುಂದೆ ನಿಂತು ಪರೀಕ್ಷಿಸಿ

ಚೀಲದಲ್ಲಿ ಇಷ್ಟು ಇರಲಿ: ಸ್ಟೀಲ್ ಸ್ಕೇಲ್, ಟಾರ್ಚ್, ಚೂಪು ತುದಿಯ ಎರಡು ಮೋರ್ಸ್ ಟೇಪರ್ 2 ಸೆಂಟರ್, 2 ಇಂಚು ಚೌಕದ ಒಂದಡಿ ಮರ, ಒಂದು ನಾಣ್ಯ. ಯಾರಾದರೂ ಡಯಲ್ ಗೇಜ್ (ಸೂಕ್ಷ್ಮ ಅಲುಗಾಟ ಅಳೆಯುವ ಸಾಧನ) ಕೊಟ್ಟರೆ ಇನ್ನೂ ಒಳ್ಳೆಯದು.

1. ಬೆಲ್ಟ್ ಸಡಿಲಿಸಿ ಸ್ಪಿಂಡಲನ್ನು ಕೈಯಲ್ಲೇ ತಿರುಗಿಸಿ. ಕರಕರ ಎಂದರೆ ಬೇರಿಂಗ್ ಹೋಗಿದೆ, ಇಲ್ಲವೇ ಒಳಗೆ ಧೂಳು ಸೇರಿದೆ. ಸ್ಪಿಂಡಲ್‌ನ ಮೂಗಿನ ಕೆಳಗೆ ಮರದ ತುಂಡು ಕೊಟ್ಟು ಮೇಲಕ್ಕೆ ಎತ್ತಿ ನೋಡಿ. ಕಟಕ್ ಎಂದು ಕೈಗೆ ತಿಳಿದರೆ ಹೊಸ ಯಂತ್ರವಾದರೂ ಬೇಡ.

2. ಎರಡೂ ಕಡೆ ಚೂಪು ಸೆಂಟರ್ ಹಾಕಿ ಟೇಲ್‌ಸ್ಟಾಕನ್ನು ಹತ್ತಿರ ತನ್ನಿ. ಬಿಗಿ ಮಾಡಿದ ಮೇಲೆ ನೋಡಿ, ಬಿಗಿ ಮಾಡುವ ಮುಂಚೆ ಅಲ್ಲ. ಎರಡು ಮೊನೆಗಳು ಮೇಲಿನಿಂದ ನೋಡಿದಾಗಲೂ ಪಕ್ಕದಿಂದ ನೋಡಿದಾಗಲೂ ಮುಖಾಮುಖಿಯಾಗಬೇಕು. ಆಮೇಲೆ ಟೇಲ್‌ಸ್ಟಾಕನ್ನು ಹಿಂದೆ ಸರಿಸಿ ಬಿಗಿದು, ಅದರ ಕ್ವಿಲ್ಲನ್ನು (ಚಕ್ರ ತಿರುಗಿಸಿದರೆ ಮುಂದೆ ಬರುವ ನಳಿಗೆಯನ್ನು) ಪೂರ್ತಿ ಹೊರಗೆ ತಿರುಗಿಸಿ ಮತ್ತೆ ನೋಡಿ. ಮೊದಲ ಬಾರಿ ಸರಿಯಿದ್ದು ಎರಡನೆಯ ಬಾರಿ ತಪ್ಪಿದರೆ ಕ್ವಿಲ್ ಓರೆಯಾಗಿದೆ. ಇಂಥ ಲೇತಿನಲ್ಲಿ ಲಟ್ಟಣಿಗೆ ಚೆನ್ನಾಗಿಯೇ ಬರುತ್ತದೆ, ಉದ್ದನೆಯ ತೂತು ಬರುವುದಿಲ್ಲ.

3. ಟೂಲ್ ರೆಸ್ಟನ್ನು ಬಿಗಿದು, ಅದರ ಒಂದು ತುದಿಯ ಮೇಲೆ ಅಂಗೈಯೂರಿ ಮೈಭಾರ ಹಾಕಿ. ಜಾರಿದರೆ, ಬಾಗಿದರೆ, ಬ್ಯಾಂಜೊ ಕದಲಿದರೆ ಮುಂದಿನ ಪರೀಕ್ಷೆಗಳು ಬೇಕಿಲ್ಲ. ರೆಸ್ಟಿನ ಮೇಲಂಚಿನಲ್ಲಿ ಸಣ್ಣ ಗಾಯಗಳಿದ್ದರೆ ಚಿಂತೆಯಿಲ್ಲ, ಅರ ಹಾಕಿ ನಯ ಮಾಡಬಹುದು.

4. ಮರವನ್ನು ಎರಡು ಸೆಂಟರ್‌ಗಳ ನಡುವೆ ಸಿಕ್ಕಿಸಿ ಟೇಲ್‌ಸ್ಟಾಕಿನ ಚಕ್ರವನ್ನು ಜೋರಾಗಿ ಬಿಗಿಯಿರಿ. ಟೇಲ್‌ಸ್ಟಾಕ್ ಹಿಂದಕ್ಕೆ ಜಾರಬಾರದು.

5. ಎಲ್ಲ ಬಿಚ್ಚಿ, ಬೆಲ್ಟ್ ಬಿಗಿದು, ಖಾಲಿ ಲೇತನ್ನು ಇಪ್ಪತ್ತು ನಿಮಿಷ ಓಡಿಸಲು ಹೇಳಿ. ‘ಕರೆಂಟ್ ಇಲ್ಲ, ಎಲ್ಲ ಸರಿಯಿದೆ ಸಾರ್’ ಎಂದರೆ ಕರೆಂಟ್ ಇರುವ ದಿನ ಬನ್ನಿ. ಹೆಡ್‌ಸ್ಟಾಕಿನ (ಸ್ಪಿಂಡಲ್ ಕೂತಿರುವ ಪೆಟ್ಟಿಗೆಯ) ಮೇಲೆ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ. ನಿಂತರೆ ಬಹಳ ಒಳ್ಳೆಯ ಯಂತ್ರ, ತಕ್ಷಣ ಬಿದ್ದರೆ ಪುಲ್ಲಿಯನ್ನೋ ಬೆಲ್ಟನ್ನೋ ಅನುಮಾನಿಸಿ. ಲೇತ್ ನಿಲ್ಲಿಸಿದ ಮೇಲೆ ಬೇರಿಂಗ್ ಇರುವ ಜಾಗಕ್ಕೆ ಅಂಗೈ ಇಡಿ. ಬೆಚ್ಚಗಿರಬಹುದು. ಕೈ ಇಡಲಾಗದಷ್ಟು ಸುಡಬಾರದು.

ಬೆಡ್ ಎರಕದ ಕಬ್ಬಿಣದ್ದಾದರೆ ಅದರ ತೂಕವೇ ನಡುಕವನ್ನು ನುಂಗುತ್ತದೆ. ಚಾನೆಲ್ ಬೆಸೆದು ಮಾಡಿದ ಬೆಡ್ ಪೂರ್ತಿ ತಳ್ಳಿಹಾಕುವಂಥದ್ದಲ್ಲ, ಆದರೆ ಅದರ ಮೇಲೆ ಸ್ಟೀಲ್ ಸ್ಕೇಲನ್ನು ಅಂಚಿನಲ್ಲಿ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಬಿಡಿ. ಬೆಸುಗೆಯ ಬಿಸಿಗೆ ಬಾಗಿದ್ದರೆ ಬೆಳಕು ತೂರಿ ಬರುತ್ತದೆ. ಅಂಥ ಬೆಡ್‌ಗೆ ಮಾರುವವನು ಏನೇ ರಿಯಾಯಿತಿ ಕೊಟ್ಟರೂ ನಷ್ಟ ನಿಮ್ಮದೇ.

ಹಂತ 8: ಮನೆಗೆ ಬಂದ ಮೇಲೆ, ಮೊದಲ ಮರ ಏರಿಸುವ ಮುನ್ನ

ಸ್ಪಿಂಡಲ್‌ನ ನಡುಬಿಂದು ನಿಮ್ಮ ಮೊಣಕೈ ಎತ್ತರಕ್ಕೆ ಬರಬೇಕು. ಲೇತ್ ಜೊತೆ ಬರುವ ಸ್ಟ್ಯಾಂಡ್ ಇದಕ್ಕೆ ಹೊಂದುವುದು ಅಪರೂಪ. ಕಡಿಮೆಯಾದರೆ ಸ್ಟ್ಯಾಂಡಿನ ಕಾಲುಗಳ ಕೆಳಗೆ ದಪ್ಪ ಹಲಗೆ ಕೊಡಿ. ನಾಲ್ಕು ಕಾಲೂ ನೆಲಕ್ಕೆ ಕೂತ ಮೇಲೆ ಬೋಲ್ಟ್ ಬಿಗಿಯಿರಿ. ಏರುಪೇರಿನ ನೆಲಕ್ಕೆ ಬಲವಂತವಾಗಿ ಬಿಗಿದರೆ ಬೆಡ್ ತಿರುಚಿಕೊಂಡು, ಅಂಗಡಿಯಲ್ಲಿ ಎದುರುಬದುರಾಗಿದ್ದ ಸೆಂಟರ್‌ಗಳು ಮನೆಯಲ್ಲಿ ತಪ್ಪುತ್ತವೆ. ಹಗುರ ಸ್ಟ್ಯಾಂಡಿನ ಕೆಳಹಲಗೆಯ ಮೇಲೆ ಮರಳಿನ ಮೂಟೆ ಇಡಿ.

16 ಆಂಪಿಯರ್ ಸಾಕೆಟ್, 2.5 ಚದರ ಮಿ.ಮೀ. ತಂತಿ, ಸರಿಯಾದ ಅರ್ತಿಂಗ್ ಇರಲಿ. ಎಕ್ಸ್‌ಟೆನ್ಶನ್ ಬೋರ್ಡ್ ಬೇಡ. ನಿಲ್ಲಿಸುವ ಸ್ವಿಚ್ ಮರದ ಆಚೆ ಇರಬಾರದು, ತಿರುಗುವ ವಸ್ತುವನ್ನು ದಾಟಿ ಕೈ ಚಾಚುವಂತಾಗಬಾರದು. ಮಂಗಳೂರು, ಉಡುಪಿ ಕಡೆಯವರು ಮೊದಲ ಮಳೆಗಾಲಕ್ಕೆ ಮುನ್ನವೇ ಬೆಡ್‌ಗೆ ಮೇಣ ಹಚ್ಚಿ. ಒಂದು ವಾರ ಮುಟ್ಟದಿದ್ದರೆ ಎರಕದ ಕಬ್ಬಿಣ ಕೆಂಪಾಗುತ್ತದೆ.

ಕಡೆಯಲು ನಿಲ್ಲುವಾಗ ಜುಬ್ಬದ ಉದ್ದ ತೋಳು, ಸೆರಗು, ದುಪಟ್ಟಾ, ಬಳೆ, ಉಂಗುರ, ಸಡಿಲ ಕೂದಲು, ಕೈಗವಸು ಯಾವುದೂ ಬೇಡ. ಪಾಲಿಶ್ ಹಚ್ಚಲು ಬಟ್ಟೆ ಬಳಸಬೇಡಿ, ಕಾಗದ ಬಳಸಿ: ಸಿಕ್ಕಿಕೊಂಡರೆ ಕಾಗದ ಹರಿಯುತ್ತದೆ, ಬಟ್ಟೆ ಬೆರಳನ್ನೂ ಸೇರಿಸಿ ಸುತ್ತಿಕೊಳ್ಳುತ್ತದೆ. ಲೇತ್‌ಗೆ ಹಿಮ್ಮುಖ ತಿರುಗುವ ಸೌಲಭ್ಯವಿದ್ದರೆ ಚಕ್‌ನ ಲಾಕ್ ಸ್ಕ್ರೂ ಬಿಗಿಯದೆ ಅದನ್ನು ಬಳಸಬೇಡಿ.

ಮೊದಲ ತುಂಡು 2 ಇಂಚಿನ ನೇರ ನಾರಿನ ಸಿಲ್ವರ್ ಓಕ್ ಅಥವಾ ಮಾವಿನದಾಗಿರಲಿ, ಬಿರುಕು ಮತ್ತು ಗಂಟು ಇಲ್ಲದ್ದು. ಏರಿಸಿದ ಮೇಲೆ ಒಂದು ಸುತ್ತು ಕೈಯಲ್ಲೇ ತಿರುಗಿಸಿ, ಟೂಲ್ ರೆಸ್ಟಿಗೆ ತಾಗುವುದಿಲ್ಲವೆಂದು ನೋಡಿ. ಬೆಲ್ಟ್ ಯಾವ ಮೆಟ್ಟಿಲಿನಲ್ಲಿದೆ ಎಂದು ಮುಚ್ಚಳ ತೆರೆದು ಕಣ್ಣಾರೆ ನೋಡಿ. ಮರ ತಿರುಗುವ ಸಾಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಶೀಲ್ಡ್ ಇಳಿಸಿ, ಆಮೇಲೆ ಸ್ವಿಚ್ ಒತ್ತಿ.